ಮೂತ್ರಪಿಂಡದ ಕಸಿ ಮತ್ತು ಶ್ವಾಸಕೋಶದ ಶಿಲೀಂಧ್ರರೋಗ: ಒಂದು ಚಿಕಿತ್ಸೆಯ ಇತಿಹಾಸ

ವೈದ್ಯಶಾಸ್ತ್ರದ ಇತಿಹಾಸವೆಂದರೆ ಹೊಸ ಹೊಸ ಔಷಧಗಳ ಶೋಧನೆಯ ಇತಿಹಾಸವೆಂದೇ ಸಾಮಾನ್ಯವಾಗಿ ಭಾವಿಸುವುದುಂಟು. ಔಷಧದ ಹೆಸರು, ಕಂಡುಹಿಡಿದವರ ಹೆಸರು, ಇಸವಿ, ಈ ಮೂರನ್ನು ಕ್ರಮವಾಗಿ ಬರೆದಿಟ್ಟರೆ ಇತಿಹಾಸ ಬರೆದಂತಾಯಿತೆಂದು ಎಷ್ಟೋ ಪಠ್ಯಪುಸ್ತಕಗಳು ತಿಳಿದಂತಿದೆ. ರಾಜರ ಪಟ್ಟಾಭಿಷೇಕದ ವರ್ಷಗಳನ್ನು ಕಂಠಪಾಠ ಮಾಡಿಸುತ್ತಿದ್ದ ಹಳೆಯ ಪದ್ಧತಿಯೇ ಇಲ್ಲಿ ವೇಷ ಬದಲಿಸಿಕೊಂಡು ಬಂದಿದೆ. ಆದರೆ ಕೆಲವು ರೋಗಗಳ ವಿಷಯದಲ್ಲಿ ಈ ಕ್ರಮದಿಂದ ಏನೂ ತಿಳಿಯುವುದಿಲ್ಲ. ಮೂತ್ರಪಿಂಡದ ಕಸಿ ಮಾಡಿಸಿಕೊಂಡವರ ಶ್ವಾಸಕೋಶಕ್ಕೆ ತಗಲುವ ಶಿಲೀಂಧ್ರರೋಗ ಅಂಥವುಗಳಲ್ಲಿ ಒಂದು. ಕಸಿ ಮಾಡಿದ ಮೂತ್ರಪಿಂಡವನ್ನು ಕಾಪಾಡುವ ಔಷಧ ಇಲ್ಲಿ ಶ್ವಾಸಕೋಶವನ್ನು ಶಿಲೀಂಧ್ರಕ್ಕೆ ಒಡ್ಡುತ್ತಿದ್ದಿತು; ಶಿಲೀಂಧ್ರವನ್ನು ಕೊಲ್ಲುವ ಔಷಧ ಮೂತ್ರಪಿಂಡವನ್ನೇ ಕೆಡಿಸುತ್ತಿದ್ದಿತು. ಆದುದರಿಂದ ರೋಗಿಯ ಹಾಸಿಗೆಯ ಬಳಿ ನಿಂತ ವೈದ್ಯನ ಮುಂದೆ ‘ಯಾವ ಔಷಧ?’ ಎಂಬ ಪ್ರಶ್ನೆಗಿಂತ ಮೊದಲು ‘ಯಾವುದನ್ನು ಬಿಟ್ಟುಕೊಡಬೇಕು?’ ಎಂಬ ಪ್ರಶ್ನೆ ಬಂದು ನಿಲ್ಲುತ್ತಿದ್ದಿತು. ಈ ಎರಡನೆಯ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳೇ ಈ ಚಿಕಿತ್ಸೆಯ ನಿಜವಾದ ಇತಿಹಾಸವೆಂಬುದು ಈ ಪ್ರಬಂಧದ ವಾದ. ಲೇಖಕನು ವೈದ್ಯನಲ್ಲ, ಇತಿಹಾಸದ ಅಧ್ಯಾಪಕ. ಚಿಕಿತ್ಸಾಕ್ರಮವನ್ನು ಬೋಧಿಸುವುದು ಇಲ್ಲಿನ ಉದ್ದೇಶವಲ್ಲ.

ಮೊದಲು ರೋಗಕಾರಕವನ್ನು ಕುರಿತು ನಾಲ್ಕು ಮಾತು. ಮಳೆಗಾಲದಲ್ಲಿ ಉಪ್ಪಿನಕಾಯಿಯ ಜಾಡಿಯ ಮೇಲೆ, ಒದ್ದೆ ಗೋಡೆಯ ಮೇಲೆ, ಹಳೆಯ ಪುಸ್ತಕದ ರಟ್ಟಿನ ಮೇಲೆ ಕಟ್ಟುವ ಬೂಷ್ಟು ನಮಗೆಲ್ಲ ಪರಿಚಿತವಾದುದೇ. ಈ ಜಾತಿಯ ಒಂದು ಶಿಲೀಂಧ್ರವನ್ನು 1729ರಲ್ಲಿ ಫ್ಲಾರೆನ್ಸ್ ನಗರದ ಪಾದ್ರಿಯೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಪಿಯೆರ್ ಆಂತೋನಿಯೊ ಮಿಕೆಲಿ ವರ್ಣಿಸಿದನು. ಸೂಕ್ಷ್ಮದರ್ಶಕದ ಕೆಳಗೆ ಅದರ ತಲೆ, ಚರ್ಚಿನಲ್ಲಿ ತೀರ್ಥವನ್ನು ಪ್ರೋಕ್ಷಿಸುವ ಉಪಕರಣದಂತೆ ಕಂಡುದರಿಂದ ಅದಕ್ಕೆ ಆಸ್ಪರ್ಜಿಲಸ್ ಎಂದು ಹೆಸರಿಟ್ಟನು. ಮನುಷ್ಯನ ಶ್ವಾಸಕೋಶದಲ್ಲಿ ಇದು ಬೆಳೆಯುವುದನ್ನು 1856ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೋ ವಿವರವಾಗಿ ಬರೆದನು. 1890ರಲ್ಲಿ ಪ್ಯಾರಿಸ್ಸಿನ ವೈದ್ಯರು ಇದನ್ನು ಒಂದು ವಿಚಿತ್ರ ಕಸುಬಿನವರಲ್ಲಿ ಕಂಡರು. ಪಾರಿವಾಳಗಳನ್ನು ಕೊಬ್ಬಿಸಿ ಮಾರುತ್ತಿದ್ದ ಈ ಜನ ಕಾಳನ್ನು ತಮ್ಮ ಬಾಯಲ್ಲಿ ತುಂಬಿಕೊಂಡು ಪಾರಿವಾಳದ ಕೊಕ್ಕಿಗೆ ಊದಿ ತಿನ್ನಿಸುತ್ತಿದ್ದರು. ಕಾಳಿನ ಧೂಳಿನೊಡನೆ ಬೂಷ್ಟಿನ ಬೀಜಕಣಗಳೂ ಒಳಗೆ ಹೋಗುತ್ತಿದ್ದುವು. ಹೀಗೆ ಹತ್ತೊಂಬತ್ತನೆಯ ಶತಮಾನದ ವೈದ್ಯನಿಗೆ ಇದು ಅಪರೂಪದ ಒಂದು ಕಸುಬಿನ ರೋಗವಾಗಿದ್ದಿತೇ ಹೊರತು ಭಯಪಡತಕ್ಕ ರೋಗವಾಗಿರಲಿಲ್ಲ. ಇದಕ್ಕೆ ಕಾರಣವೂ ಸ್ಪಷ್ಟ. ಈ ಬೀಜಕಣಗಳು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗದಷ್ಟು ಚಿಕ್ಕವು. ಗಾಳಿಯಲ್ಲಿ ಎಲ್ಲೆಲ್ಲೂ ಇವೆ. ನಾವೆಲ್ಲರೂ ದಿನಕ್ಕೆ ನೂರಾರನ್ನು ಸೇವಿಸುತ್ತಲೇ ಇದ್ದೇವೆ. ಶ್ವಾಸಕೋಶದ ಕಾವಲುಕೋಶಗಳು ಅವನ್ನು ಆಗಿಂದಾಗ ನುಂಗಿಹಾಕುತ್ತವೆ. ಆ ಕಾವಲನ್ನು ಮನುಷ್ಯನು ತಾನಾಗಿಯೇ ತೆಗೆದುಹಾಕುವ ಕಾಲ ಬರುವವರೆಗೆ ಬೂಷ್ಟಿಗೆ ಅವಕಾಶ ದೊರೆಯಲಿಲ್ಲ.

ಆ ಕಾಲವನ್ನು ತಂದುದು ಅಂಗಗಳ ಕಸಿ. 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ಜೋಸೆಫ್ ಮರ್ರೆ ಮತ್ತು ಅವರ ಸಹೋದ್ಯೋಗಿಗಳು ರೊನಾಲ್ಡ್ ಹೆರಿಕ್ ಎಂಬಾತನ ಮೂತ್ರಪಿಂಡವನ್ನು ಅವನ ಅವಳಿ ಸಹೋದರ ರಿಚರ್ಡನಿಗೆ ಜೋಡಿಸಿದುದು ಪ್ರಸಿದ್ಧವಾದ ಸಂಗತಿ. ರಿಚರ್ಡನು ಎಂಟು ವರ್ಷ ಬದುಕಿದನು. ಅವನಿಗೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಯಾವ ಔಷಧವನ್ನೂ ಕೊಡಬೇಕಾಗಿರಲಿಲ್ಲವೆಂಬ ಅಂಶ ನಮ್ಮ ಪ್ರಸಕ್ತ ವಿಷಯಕ್ಕೆ ಮುಖ್ಯವಾದುದು. ಸಮರೂಪದ ಅವಳಿಯ ಅಂಗವಾದ್ದರಿಂದ ಶರೀರ ಅದನ್ನು ಪರಕೀಯವೆಂದು ಎಣಿಸಲಿಲ್ಲ. ಆದರೆ ಲೋಕದಲ್ಲಿ ಅವಳಿಗಳು ಎಷ್ಟು ಮಂದಿ? ಇತರರಿಗೂ ಈ ಚಿಕಿತ್ಸೆ ಸಲ್ಲಬೇಕಾದರೆ ಶರೀರದ ಪ್ರತಿಭಟನೆಯನ್ನು ಅಡಗಿಸಬೇಕಾಗಿದ್ದಿತು. ಮೊದಲು ಇಡೀ ಮೈಗೆ ಕ್ಷ-ಕಿರಣ ಹಾಯಿಸಿ ನೋಡಿದರು. ಒಬ್ಬಿಬ್ಬರು ಉಳಿದುದನ್ನು ಬಿಟ್ಟರೆ ಆ ರೋಗಿಗಳು ಬೇಗನೆ ತೀರಿಕೊಂಡರು. ಅನಂತರ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಪ್ರಯೋಗಾಲಯದಿಂದ ಅಜಥಯೊಪ್ರಿನ್ ಬಂದಿತು. 1962ರಲ್ಲಿ ಇದರ ಬಲದಿಂದ ಬಾಸ್ಟನ್ನಿನಲ್ಲಿಯೇ ಮೃತನೊಬ್ಬನ ಮೂತ್ರಪಿಂಡ ರಕ್ತಸಂಬಂಧವಿಲ್ಲದವನ ಮೈಯಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಕೆಲಸಮಾಡಿತು. 1963ರಲ್ಲಿ ಡೆನ್ವರಿನ ಥಾಮಸ್ ಸ್ಟಾರ್ಜ್ಲ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ಶರೀರವು ಕಸಿಯನ್ನು ತಿರಸ್ಕರಿಸಲು ಆರಂಭಿಸಿದ ಮೇಲೂ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಆ ತಿರಸ್ಕಾರವನ್ನು ಹಿಂದಿರುಗಿಸಬಹುದೆಂದು ಅವರು ತೋರಿಸಿದರು.

ಕಸಿಶಾಸ್ತ್ರದ ಇತಿಹಾಸಕಾರರು 1963ನ್ನು ವಿಜಯದ ವರ್ಷವೆಂದು ಬರೆಯುತ್ತಾರೆ, ತಪ್ಪಲ್ಲ. ಆದರೆ ಅದೇ ಡೆನ್ವರಿನ ಶವಪರೀಕ್ಷೆಯ ಮೇಜಿನಿಂದ ನೋಡಿದವರಿಗೆ ಆ ವಿಜಯದ ಇನ್ನೊಂದು ಮುಖ ಕಾಣಿಸಿತು. ಅಂಗಗಳ ಕಸಿಯಾದ ರೋಗಿಗಳ ಶ್ವಾಸಕೋಶದ ಸೋಂಕುಗಳನ್ನು ಕುರಿತು ಹಿಲ್, ರಿಫ್ಕಿಂಡ್ ಮೊದಲಾದವರು 1964ರಲ್ಲಿ ಒಂದು ಲೇಖನವನ್ನೂ, ಮೂತ್ರಪಿಂಡದ ಕಸಿಯಾದವರಲ್ಲಿ ಶಿಲೀಂಧ್ರಗಳು ಮೈಯೆಲ್ಲ ಹರಡುವುದನ್ನು ಕುರಿತು 1967ರಲ್ಲಿ ಮತ್ತೊಂದು ಲೇಖನವನ್ನೂ ಪ್ರಕಟಿಸಿದರು. ಸ್ಟೀರಾಯ್ಡು ಕಸಿಯ ತಿರಸ್ಕಾರವನ್ನು ತಡೆಯುವುದರ ಜೊತೆಗೆ ಶ್ವಾಸಕೋಶದ ಕಾವಲುಕೋಶಗಳ ಕೈಯನ್ನೂ ಕಟ್ಟುತ್ತದೆ. ಕಾವಲಿಲ್ಲದ ಕಡೆ ಬೀಜಕಣ ಮೊಳೆತು, ಎಳೆಯೆಳೆಯಾಗಿ ಬೆಳೆದು, ರಕ್ತನಾಳದ ಗೋಡೆಯನ್ನು ಕೊರೆದು ಒಳಹೊಗುತ್ತದೆ. ನಾಳ ಮುಚ್ಚಿ ಆ ಭಾಗದ ಶ್ವಾಸಕೋಶ ಸಾಯುತ್ತದೆ. ಅಲ್ಲಿಂದ ಮಿದುಳಿನವರೆಗೂ ಹೋಗಬಹುದು. ಇವರಲ್ಲಿ ಅನೇಕರ ರೋಗ ಬದುಕಿದ್ದಾಗ ಪತ್ತೆಯಾಗಿರಲಿಲ್ಲ. ಜ್ವರ, ಒಣಕೆಮ್ಮು, ಎದೆಯ ಚಿತ್ರದಲ್ಲಿ ಒಂದು ಮಬ್ಬು, ಇಷ್ಟರಿಂದ ರೋಗನಿರ್ಣಯ ಹೇಗೆ ತಾನೇ ಸಾಧ್ಯ?

ಅಷ್ಟು ಹೊತ್ತಿಗೆ ಶಿಲೀಂಧ್ರಕ್ಕೆ ಔಷಧವೇ ಇರಲಿಲ್ಲವೆಂದಲ್ಲ. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಕೆಲಸಮಾಡುತ್ತಿದ್ದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ವಿಜ್ಞಾನಿಗಳು ವರ್ಜೀನಿಯದ ಒಂದು ಜಮೀನಿನ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ನಿಸ್ಟಾಟಿನ್ ಎಂಬುದನ್ನು ಪಡೆದು 1950ರಲ್ಲಿ ಪ್ರಕಟಿಸಿದರು. ತಮ್ಮ ರಾಜ್ಯದ ಹೆಸರನ್ನೇ ಅದಕ್ಕೆ ಇಟ್ಟರು. ಬಂದ ಹಣವನ್ನು ತಮಗಿಟ್ಟುಕೊಳ್ಳದೆ ಸಂಶೋಧನೆಗೆ ಬಿಟ್ಟುಕೊಟ್ಟರೆಂಬುದು ಇಲ್ಲಿ ಸ್ಮರಣೀಯ. ಬಾಯಿ ಕರುಳುಗಳ ಶಿಲೀಂಧ್ರಕ್ಕೆ ಇದು ಒಳ್ಳೆಯ ಔಷಧ. ಆದರೆ ರಕ್ತಕ್ಕೆ ಸೇರಿಸಿದರೆ ವಿಷ. ಆದ್ದರಿಂದ ಶ್ವಾಸಕೋಶವನ್ನು ಇದು ಮುಟ್ಟಲಾರದಾಯಿತು. ಸಾಂದರ್ಭಿಕವಾಗಿ ಒಂದು ಮಾತು: 1966ರಲ್ಲಿ ಆರ್ನೋ ನದಿ ಉಕ್ಕಿ ಫ್ಲಾರೆನ್ಸಿನ ಕಲಾಕೃತಿಗಳು ನೀರು ಕುಡಿದು ಬೂಷ್ಟು ಹಿಡಿಯತೊಡಗಿದಾಗ ಅವುಗಳ ರಕ್ಷಣೆಗೆ ಬಳಸಿದವುಗಳಲ್ಲಿ ನಿಸ್ಟಾಟಿನ್ ಕೂಡ ಒಂದು. ಮಿಕೆಲಿಯ ಊರಿಗೆ ಅವನ ಬೂಷ್ಟಿನ ಔಷಧ ಹೋದುದು ಹೀಗೆ, ಚಿತ್ರಗಳ ಚಿಕಿತ್ಸೆಗಾಗಿ.

ರಕ್ತಕ್ಕೆ ಕೊಡಬಹುದಾದ ಔಷಧ ದೊರೆತುದು ವೆನೆಜುವೇಲದ ಒರಿನೋಕೊ ನದೀಪ್ರದೇಶದ ಮಣ್ಣಿನಿಂದ. ಸ್ಕ್ವಿಬ್ ಸಂಸ್ಥೆಯ ವಿಜ್ಞಾನಿಗಳು 1955-56ರಲ್ಲಿ ವರ್ಣಿಸಿದ ಆಂಫೊಟೆರಿಸಿನ್-ಬಿ ಎಂಬ ಈ ದ್ರವ್ಯ ಆ ದಶಕದ ಕೊನೆಯ ಹೊತ್ತಿಗೆ ವೈದ್ಯರ ಕೈಗೆ ಬಂದಿತು. ಮುಂದೆ ನಾಲ್ಕು ದಶಕಗಳ ಕಾಲ ಇದಕ್ಕೆ ಸರಿಸಮಾನವಾದುದು ಇರಲಿಲ್ಲ. ಇದು ಕೆಲಸಮಾಡುವ ರೀತಿಯನ್ನು ತಿಳಿದರೆ ಮುಂದಿನ ಕಥೆಯೆಲ್ಲ ತಾನಾಗಿ ಅರ್ಥವಾಗುತ್ತದೆ. ಶಿಲೀಂಧ್ರದ ಕೋಶಪೊರೆಯಲ್ಲಿ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನ ಜಾತಿಯ ಪದಾರ್ಥವಿದೆ. ಆಂಫೊಟೆರಿಸಿನ್ ಅದಕ್ಕೆ ಅಂಟಿಕೊಂಡು ಪೊರೆಯನ್ನು ಕೆಡಿಸುತ್ತದೆ; ಒಳಗಿನ ಸತ್ತ್ವ ಸೋರಿ ಶಿಲೀಂಧ್ರ ಸಾಯುತ್ತದೆ. ಮನುಷ್ಯನ ಕೋಶಪೊರೆಯಲ್ಲಿರುವ ಕೊಲೆಸ್ಟೆರಾಲ್ ಇದಕ್ಕೆ ದಾಯಾದಿ. ಔಷಧ ಇವೆರಡನ್ನೂ ಬೇರ್ಪಡಿಸಿ ನೋಡಬಲ್ಲುದಾದರೂ ಪೂರ್ತಿಯಾಗಿ ಅಲ್ಲ. ಅದರ ಏಟು ಮೂತ್ರಪಿಂಡಕ್ಕೆ ವಿಶೇಷವಾಗಿ ಬೀಳುತ್ತದೆ: ಮೂತ್ರಪಿಂಡದೊಳಕ್ಕೆ ರಕ್ತ ತರುವ ಕಿರುನಾಳಗಳು ಸಂಕುಚಿಸುತ್ತವೆ; ಸೋಸುವ ಕೆಲಸ ಕುಗ್ಗುತ್ತದೆ; ಪೊಟಾಸಿಯಂ, ಮೆಗ್ನೀಸಿಯಂಗಳು ಮೂತ್ರದಲ್ಲಿ ಹರಿದುಹೋಗುತ್ತವೆ. ಔಷಧವನ್ನು ಸಕ್ಕರೆಯ ದ್ರಾವಣದಲ್ಲಿ ಕಲಸಿ ನಾಲ್ಕಾರು ಗಂಟೆ ತೊಟ್ಟುತೊಟ್ಟಾಗಿ ಕೊಡಬೇಕಾಗಿದ್ದಿತು. ಉಪ್ಪುನೀರಿನಲ್ಲಿ ಕಲಸಿದರೆ ಗಸಿಯಾಗಿ ಕೆಟ್ಟುಹೋಗುವುದು. ಕೊಡುತ್ತಿದ್ದಂತೆಯೇ ರೋಗಿಗೆ ಹಲ್ಲು ಕಡಿಯುವಂಥ ಚಳಿ, ಅನಂತರ ಜ್ವರ. ಹೀಗೆ ದಿನಗಟ್ಟಲೆಯಲ್ಲ, ವಾರಗಟ್ಟಲೆ.

ಎರಡು ಮೂತ್ರಪಿಂಡಗಳೂ ಚೆನ್ನಾಗಿರುವವನಿಗೇ ಇದು ಕಷ್ಟ. ಎರಡನ್ನೂ ಕಳೆದುಕೊಂಡು, ತಾಯಿಯಿಂದಲೋ ಒಡಹುಟ್ಟಿದವರಿಂದಲೋ ಒಂದನ್ನು ಪಡೆದು, ಅದೊಂದನ್ನೇ ನಂಬಿ ಬದುಕುವವನಿಗೆ ಇದನ್ನು ಕೊಡುವುದೆಂದರೆ ಏನರ್ಥ? 1960ರ ದಶಕದ ವೈದ್ಯರು ಎದುರಿಸಿದ ಪ್ರಶ್ನೆ ಇದು. ಅವರಿಗೆ ಇನ್ನೊಂದು ಸಂಗತಿಯೂ ಬೇಗನೆ ತಿಳಿಯಿತು: ಅಜಥಯೊಪ್ರಿನ್, ಪ್ರೆಡ್ನಿಸೋನುಗಳನ್ನು ಹಿಂದಿನಂತೆಯೇ ಮುಂದುವರಿಸಿದರೆ ಆಂಫೊಟೆರಿಸಿನ್ ಒಂದರಿಂದಲೇ ಶಿಲೀಂಧ್ರ ಸೋಲುವುದು ವಿರಳ. ಔಷಧ ಶತ್ರುವನ್ನು ತಡೆಹಿಡಿಯಬಲ್ಲುದು. ಅದನ್ನು ಕೊನೆಗಾಣಿಸುವುದು ರೋಗಿಯ ಸ್ವಂತ ಶಕ್ತಿಯೇ. ಆ ಶಕ್ತಿಯನ್ನು ಮರಳಿ ಕೊಟ್ಟರೆ ಅದು ಶಿಲೀಂಧ್ರದ ಮೇಲೂ ಎರಗುತ್ತದೆ, ಕಸಿಯ ಮೂತ್ರಪಿಂಡದ ಮೇಲೂ ಎರಗುತ್ತದೆ. ಹೀಗೆ ಎರಡು ದಾರಿಗಳಿಂದಲೂ ಅಪಾಯ ಬಂದು ತಗಲುತ್ತಿದ್ದುದು ಆ ಒಂದೇ ಅಂಗಕ್ಕೆ.

ಆದರೂ ಅಂಥ ಸಂದರ್ಭದಲ್ಲಿ ಕಸಿಯನ್ನು ಬಿಟ್ಟುಕೊಟ್ಟು ಮನುಷ್ಯನನ್ನು ಉಳಿಸಿಕೊಳ್ಳಬೇಕೆಂಬ ತೀರ್ಮಾನ ಕ್ರಮೇಣ ರೂಢವಾಯಿತು. ಇದು ಸಾಧ್ಯವಾದುದು ಶಿಲೀಂಧ್ರಶಾಸ್ತ್ರದಿಂದಲ್ಲ, ಮತ್ತೊಂದು ಕಡೆ ನಡೆದಿದ್ದ ಕೆಲಸದಿಂದ. 1960ರಲ್ಲಿ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯೊಂದನ್ನು ಕೈಯ ರಕ್ತನಾಳಗಳಿಗೆ ಶಾಶ್ವತವಾಗಿ ಜೋಡಿಸಿ ಅದೇ ರೋಗಿಗೆ ಮತ್ತೆ ಮತ್ತೆ ಡಯಾಲಿಸಿಸ್ ಮಾಡುವ ಉಪಾಯವನ್ನು ಕಂಡುಹಿಡಿದಿದ್ದರು. ಆ ಯಂತ್ರ ಇದ್ದುದರಿಂದಲೇ ಮೂತ್ರಪಿಂಡವನ್ನು ತ್ಯಾಗಮಾಡುವ ಮಾತಿಗೆ ಅರ್ಥ ಬಂದಿತು. ಹೃದಯದ ಕಸಿ ಪಡೆದವನಿಗೆ ಈ ಆಯ್ಕೆ ಇರಲಿಲ್ಲ. ಆದ್ದರಿಂದ ನಮ್ಮ ವಿಷಯದ ಇತಿಹಾಸವನ್ನು ಬರೆಯುವವನು ಔಷಧದ ಸೀಸೆಯ ಪಕ್ಕದಲ್ಲಿಯೇ ಡಯಾಲಿಸಿಸ್ ಯಂತ್ರವನ್ನೂ ಇಡಬೇಕು. ಹಾಗೆ ಇಟ್ಟವರನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಬಿಟ್ಟುಕೊಡುವುದಕ್ಕಿಂತ ಮೊದಲೇ ಮಿತವಾಗಿರುವುದು ಮೇಲು ಎಂಬ ಯೋಚನೆ ಐರ್ಲೆಂಡಿನ ಉತ್ತರ ಭಾಗದಿಂದ ಬಂದಿತು. ಬೆಲ್ಫಾಸ್ಟ್ ನಗರದಲ್ಲಿ 1968ರಿಂದ ಕಸಿಯ ಕಾರ್ಯವನ್ನು ನಡೆಸಿದ ಮೇರಿ ಮೆಕ್‌ಗೋನ್ ಎಂಬ ವೈದ್ಯೆ, ಇತರ ಕೇಂದ್ರಗಳು ಸ್ಟೀರಾಯ್ಡನ್ನು ಧಾರಾಳವಾಗಿ ಸುರಿಯುತ್ತಿದ್ದ ಕಾಲದಲ್ಲಿ, ದಿನಕ್ಕೆ 20 ಮಿಲಿಗ್ರಾಂನಷ್ಟು ಅಲ್ಪ ಪ್ರಮಾಣದ ಪ್ರೆಡ್ನಿಸೊಲೋನಿನಿಂದಲೇ ಆರಂಭಿಸಿದರು. ಅವರ ರೋಗಿಗಳ ಕಸಿಗಳೂ ಉಳಿದುವು, ರೋಗಿಗಳೂ ಉಳಿದರು. 1970ರ ದಶಕದ ಉತ್ತರಾರ್ಧದಲ್ಲಿ ಪ್ರಕಟವಾದ ಈ ಫಲಿತಾಂಶಗಳನ್ನು ಇತರರು ಕೂಡಲೇ ನಂಬಲಿಲ್ಲ. ಮೆಕ್‌ಗೋನರ ಹೆಸರು ಶಿಲೀಂಧ್ರರೋಗದ ಗ್ರಂಥಗಳಲ್ಲಿ ಕಾಣುವುದಿಲ್ಲ; ಅವರು ಹೊಸ ಔಷಧವನ್ನೇನೂ ಕಂಡುಹಿಡಿಯಲಿಲ್ಲ. ಆದರೆ ಈ ರೋಗಕ್ಕೆ ತುತ್ತಾಗದಂತೆ ಮನುಷ್ಯರನ್ನು ಕಾಪಾಡಿದವರ ಪಟ್ಟಿಯನ್ನು ನಾನು ಬರೆಯುವುದಾದರೆ ಅವರ ಹೆಸರನ್ನು ಮೇಲೆಯೇ ಬರೆಯುತ್ತೇನೆ.

ಇಲ್ಲಿ ಒಂದು ವಿಷಯಾಂತರಕ್ಕೆ ಓದುಗರ ಕ್ಷಮೆ ಕೋರಬೇಕು. ಶಿಲೀಂಧ್ರವೆಂದು ಯಾವುದನ್ನು ಕರೆಯಬೇಕೆಂಬುದೇ ಈ ಕಾಲದಲ್ಲಿ ನಿಶ್ಚಯವಾಗಿರಲಿಲ್ಲ. ಕಸಿಯಾದವರ ಶ್ವಾಸಕೋಶವನ್ನು ಹಿಡಿಯುತ್ತಿದ್ದ ನ್ಯೂಮೊಸಿಸ್ಟಿಸ್ ಎಂಬ ಜೀವಿಯನ್ನು 1909ರಲ್ಲಿ ಬ್ರೆಜಿಲಿನ ಕಾರ್ಲೋಸ್ ಚಾಗಸ್ ಕಂಡಾಗ ಅದನ್ನು ತಾನು ಶೋಧಿಸುತ್ತಿದ್ದ ಪ್ರೋಟೊಜೋವದ ಒಂದು ರೂಪವೆಂದು ತಿಳಿದನು. ಪ್ಯಾರಿಸ್ಸಿನ ದೆಲನೊಯೆ ದಂಪತಿಗಳು 1912ರಲ್ಲಿ ಇದು ಬೇರೆಯೇ ಜೀವಿಯೆಂದು ತೋರಿಸಿದರೂ ಪ್ರೋಟೊಜೋವವೆಂಬ ಹೆಸರು ಹೋಗಲಿಲ್ಲ. 1988ರಲ್ಲಿ ಅದರ ಆರ್‌ಎನ್‌ಎ ರಚನೆಯನ್ನು ಹೋಲಿಸಿ ನೋಡಿದಾಗ ಅದು ಶಿಲೀಂಧ್ರವೆಂದು ತಿಳಿಯಿತು. ಅದಕ್ಕೆ ಬಹುಕಾಲದಿಂದ ಕೊಡುತ್ತಿದ್ದ ಔಷಧಗಳು ಪೆಂಟಾಮಿಡಿನ್ ಮತ್ತು ಕೋ-ಟ್ರೈಮಾಕ್ಸಜೋಲ್, ಎಂದರೆ ಶಿಲೀಂಧ್ರದವಲ್ಲದ ಔಷಧಗಳು. ವರ್ಗೀಕರಣ ತಪ್ಪಿದ್ದುದರಿಂದ ರೋಗಿಗಳಿಗೆ ಹಾನಿಯಾಯಿತೆಂದು ನೀವು ನಿರೀಕ್ಷಿಸಬಹುದು, ಆದುದು ಬೇರೆ. ಈ ಶಿಲೀಂಧ್ರದ ಪೊರೆಯಲ್ಲಿ ಎರ್ಗೋಸ್ಟೆರಾಲ್ ಇಲ್ಲದಿರುವುದರಿಂದ ಆಂಫೊಟೆರಿಸಿನ್ ಅದಕ್ಕೆ ತಾಗುವುದಿಲ್ಲ. ಸರಿಯಾದ ಹೆಸರು ಮೊದಲೇ ಗೊತ್ತಿದ್ದಿದ್ದರೆ ವೈದ್ಯರು ಪ್ರಾಯಶಃ ತಪ್ಪು ಔಷಧವನ್ನು ಕೊಡುತ್ತಿದ್ದರು! ಕಸಿಯಾದ ಮೊದಲ ತಿಂಗಳುಗಳಲ್ಲಿ ಕೋ-ಟ್ರೈಮಾಕ್ಸಜೋಲ್ ಗುಳಿಗೆಯನ್ನು ಮುಂಜಾಗ್ರತೆಯಾಗಿ ಕೊಡುವ ಪದ್ಧತಿಯಿಂದ ಈ ಒಂದು ರೋಗವಂತೂ ಬಹುಮಟ್ಟಿಗೆ ಹತೋಟಿಗೆ ಬಂದಿದೆ.

ಪ್ರಕೃತ ವಿಷಯಕ್ಕೆ ಮರಳೋಣ. 1978ರಲ್ಲಿ ಕೇಂಬ್ರಿಜ್‌ನ ರಾಯ್ ಕಾನ್ ಮೂತ್ರಪಿಂಡದ ರೋಗಿಗಳಿಗೆ ಸೈಕ್ಲೊಸ್ಪೊರಿನ್ ಕೊಟ್ಟರು. ಕಸಿಗಳ ಆಯುಷ್ಯ ಹೆಚ್ಚಿತು. ಸ್ಟೀರಾಯ್ಡಿನ ಪ್ರಮಾಣವನ್ನು ಇಳಿಸುವುದು ಸಾಧ್ಯವಾಯಿತು. ಈ ಸೈಕ್ಲೊಸ್ಪೊರಿನ್ ದೊರೆತುದು ನಾರ್ವೆಯ ಹಾರ್ಡಂಗರ್ ಪ್ರಸ್ಥಭೂಮಿಯಿಂದ 1969ರಲ್ಲಿ ತಂದ ಮಣ್ಣಿನ ಒಂದು ಶಿಲೀಂಧ್ರದಿಂದ. ಕಸಿಯಲ್ಲಿ ಬಳಸುವ ಮೈಕೊಫಿನಾಲಿಕ್ ಆಮ್ಲವನ್ನು ಇಟಲಿಯ ಬಾರ್ತೊಲೊಮಿಯೊ ಗೋಸಿಯೊ 1893ರಲ್ಲಿಯೇ ಒಂದು ಪೆನಿಸಿಲಿಯಮ್ ಬೂಷ್ಟಿನಿಂದ ತೆಗೆದಿದ್ದನು. ಈಸ್ಟರ್ ದ್ವೀಪದ ಮಣ್ಣಿನಿಂದ ಬಂದ ರಾಪಮೈಸಿನನ್ನು 1975ರಲ್ಲಿ ಮೊದಲು ವರ್ಣಿಸಿದುದು ಶಿಲೀಂಧ್ರನಾಶಕವೆಂದು. ಕೊನೆಗೆ 1999ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಿದುದು ಮೂತ್ರಪಿಂಡದ ಕಸಿಯನ್ನು ಕಾಪಾಡುವ ಔಷಧವಾಗಿ. ರೋಗ, ರೋಗದ ಔಷಧ, ರೋಗಕ್ಕೆ ದಾರಿಮಾಡಿಕೊಡುವ ಔಷಧ, ಈ ಮೂರಕ್ಕೂ ತವರು ಮಣ್ಣೇ.

ಸೈಕ್ಲೊಸ್ಪೊರಿನಿಗೂ ಮೂತ್ರಪಿಂಡದ ರಕ್ತನಾಳಗಳನ್ನು ಸಂಕುಚಿಸುವ ಗುಣವಿದ್ದುದರಿಂದ ಆಂಫೊಟೆರಿಸಿನ್ ಜೊತೆಗೂಡಿದಾಗ ಹಾನಿ ಇಮ್ಮಡಿಯಾಯಿತು. ಅದೇ ಕಾಲದಲ್ಲಿ ಬಂದ ಗುಳಿಗೆರೂಪದ ಕೀಟೊಕೊನಜೋಲ್ ಮೂತ್ರಪಿಂಡಕ್ಕೆ ನೇರವಾದ ವಿಷವಲ್ಲವಾದರೂ, ಸೈಕ್ಲೊಸ್ಪೊರಿನನ್ನು ಅರಗಿಸುವ ಯಕೃತ್ತಿನ ಕಿಣ್ವವನ್ನು ತಡೆಯುತ್ತದೆ. ಆಗ ರಕ್ತದಲ್ಲಿ ಸೈಕ್ಲೊಸ್ಪೊರಿನ್ ಏರಿ ಮೂತ್ರಪಿಂಡ ಕೆಡುತ್ತದೆ. ಮೊದಮೊದಲು ಇದನ್ನು ಅಪಾಯವೆಂದೇ ಬರೆದರು. 1989ರಲ್ಲಿ ಅಮೆರಿಕದ ಸಿನ್ಸಿನಾಟಿಯ ವೈದ್ಯರು ಇದೇ ಗುಣವನ್ನು ಬೇಕೆಂದೇ ಬಳಸಿ ದುಬಾರಿಯಾದ ಸೈಕ್ಲೊಸ್ಪೊರಿನಿನ ಪ್ರಮಾಣವನ್ನು ಬಹಳವಾಗಿ ಇಳಿಸಬಹುದೆಂದು ತೋರಿಸಿದರು. ಈಜಿಪ್ಟಿನಲ್ಲಿಯೂ ನಮ್ಮ ದೇಶದಲ್ಲಿಯೂ ಈ ಉಪಾಯ ಬಳಕೆಗೆ ಬಂದಿತು. ಶಿಲೀಂಧ್ರದ ಔಷಧವನ್ನು ಶಿಲೀಂಧ್ರರೋಗವಿಲ್ಲದ ರೋಗಿಗೆ ಹಣದ ಉಳಿತಾಯಕ್ಕಾಗಿ ಕೊಟ್ಟುದು ಔಷಧಗಳ ಇತಿಹಾಸದಲ್ಲಿ ಅಪೂರ್ವವಾದ ಪ್ರಸಂಗ.

1981ರಲ್ಲಿ ಬಾಸ್ಟನ್ನಿನ ರಾಬರ್ಟ್ ರೂಬಿನ್ ಮತ್ತು ಸಂಗಡಿಗರು ಕಸಿಯಾದವರ ಸೋಂಕುಗಳಿಗೆ ಒಂದು ಕಾಲಪಟ್ಟಿಯನ್ನು ರಚಿಸಿದರು. ಮೊದಲ ತಿಂಗಳಿನವು ಶಸ್ತ್ರಚಿಕಿತ್ಸೆಯ ಸೋಂಕುಗಳು. ಒಂದರಿಂದ ಆರು ತಿಂಗಳವರೆಗೆ ಅವಕಾಶ ಕಾದುಕೊಂಡಿರುವ ಜೀವಿಗಳ ಕಾಲ. ಅನಂತರದ ಸ್ಥಿತಿ ಕಸಿ ಎಷ್ಟು ಚೆನ್ನಾಗಿದೆ, ಔಷಧ ಎಷ್ಟು ನಡೆದಿದೆ ಎಂಬುದನ್ನು ಅವಲಂಬಿಸಿದುದು. ಕಾಲಗಣನೆಯೇ ರೋಗನಿರ್ಣಯಕ್ಕೆ ಸಾಧನವಾದ ಈ ಕ್ರಮ ಇತಿಹಾಸದ ವಿದ್ಯಾರ್ಥಿಗೆ ಮೆಚ್ಚಿಕೆಯಾಗುವಂಥದು. ಪಟ್ಟಿಗೆ ಹೊಂದದ ರೋಗ ಕಂಡರೆ ಆಸ್ಪತ್ರೆಯ ಗಾಳಿಯನ್ನು ಸಂಶಯಿಸಬೇಕೆಂಬುದೂ ಅದರಿಂದ ಹೊರಟಿತು. ಕಟ್ಟಡದ ದುರಸ್ತಿ ನಡೆದಿರುವಾಗ ಏಳುವ ಧೂಳಿನಲ್ಲಿ ಆಸ್ಪರ್ಜಿಲಸ್ ಬೀಜಕಣಗಳು ತುಂಬಿರುತ್ತವೆಂದು 1970ರ ದಶಕದ ಕೊನೆಯಿಂದ ವರದಿಗಳು ಬರತೊಡಗಿದ್ದುವು. ಗೋಡೆ ಒಡೆಯುವ ಕೆಲಸಗಾರನಿಗೆ ಆ ಧೂಳಿನಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದ ಕಸಿಯ ರೋಗಿ ಸಾಯಬಹುದು.

ನಮ್ಮ ದೇಶದಲ್ಲಿ ಮೂತ್ರಪಿಂಡದ ಕಸಿ ಯಶಸ್ವಿಯಾಗಿ ನೆಲೆಗೊಂಡುದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಪಾಶ್ಚಾತ್ಯ ದೇಶಗಳ ಇತಿಹಾಸವೇ ಇಲ್ಲಿ ಎರಡನೆಯ ಬಾರಿ ನಡೆಯಿತೆಂದು ತಿಳಿದರೆ ತಪ್ಪಾಗುವುದು. ಚಂಡೀಗಢದ ಸ್ನಾತಕೋತ್ತರ ವೈದ್ಯಸಂಸ್ಥೆಯ ಕೆ. ಎಸ್. ಚುಗ್ ಮತ್ತು ಅವರ ಸಂಗಡಿಗರು 1993ರಲ್ಲಿ ಪ್ರಕಟಿಸಿದ ಲೇಖನದ ಶೀರ್ಷಿಕೆಯೇ ತೃತೀಯ ಜಗತ್ತಿನ ದೇಶಗಳಲ್ಲಿ ಕಸಿಯಾದವರ ಶಿಲೀಂಧ್ರರೋಗದಿಂದ ಸಾಯುವವರ ಸಂಖ್ಯೆ ಅಧಿಕವೆಂದು ಸಾರುತ್ತದೆ. ಹೀಗೇಕೆ? ಧೂಳು, ಬಿಸಿಲು, ಆಸ್ಪತ್ರೆಯಿಂದ ಹೊರಬಂದ ಮೇಲೆ ರೋಗಿ ಹಿಂದಿರುಗುವ ಮನೆಯ ಸ್ಥಿತಿ, ಇವೆಲ್ಲ ಕಾರಣಗಳೇ. ಮಧುಮೇಹ ಜೊತೆಗೂಡಿದರೆ ಮ್ಯೂಕರ್ ಜಾತಿಯ ಬೂಷ್ಟುಗಳಿಗೂ ದಾರಿಯಾಗುವುದು. ಆದರೆ ನನಗೆ ಅತ್ಯಂತ ಮುಖ್ಯವಾಗಿ ತೋರುವುದು ಕ್ಷಯ.

ನಮ್ಮಲ್ಲಿ ಎದೆಯ ಚಿತ್ರದಲ್ಲಿ ಮಬ್ಬು ಕಂಡೊಡನೆ ವೈದ್ಯನ ಮನಸ್ಸಿಗೆ ಮೊದಲು ಬರುವುದು ಕ್ಷಯವೇ. ಬರಬೇಕಾದುದೂ ಅದೇ, ಏಕೆಂದರೆ ಕಸಿಯಾದವರಲ್ಲಿ ಇಲ್ಲಿ ಕ್ಷಯ ಸಾಮಾನ್ಯ. ಕಫದಲ್ಲಿ ಏನೂ ಕಾಣದಿದ್ದರೆ, ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ಸೌಕರ್ಯ ಹತ್ತಿರವಿಲ್ಲದಿದ್ದರೆ, ಊಹೆಯ ಮೇಲೆಯೇ ಕ್ಷಯದ ಔಷಧ ಆರಂಭವಾಗುತ್ತದೆ. ಆ ಔಷಧಗಳಲ್ಲಿ ಮುಖ್ಯವಾದ ರಿಫಾಂಪಿಸಿನ್ ಕೀಟೊಕೊನಜೋಲಿಗೆ ಸರಿಯಾಗಿ ವಿರುದ್ಧ: ಅದು ಯಕೃತ್ತಿನ ಕಿಣ್ವವನ್ನು ಚುರುಕುಗೊಳಿಸಿ ಸೈಕ್ಲೊಸ್ಪೊರಿನನ್ನು ಬೇಗ ಕರಗಿಸಿಬಿಡುತ್ತದೆ. ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಶರೀರ ಕಸಿಯನ್ನು ತಿರಸ್ಕರಿಸತೊಡಗುತ್ತದೆ. ಅದನ್ನು ಅಡಗಿಸಲು ಸ್ಟೀರಾಯ್ಡು ಏರುತ್ತದೆ. ಮೂಲರೋಗ ಶಿಲೀಂಧ್ರವೇ ಆಗಿದ್ದಲ್ಲಿ ಅದಕ್ಕೆ ಇದಕ್ಕಿಂತ ಅನುಕೂಲವಾದ ಸನ್ನಿವೇಶ ಮತ್ತಾವುದು? ಇಲ್ಲಿ ಯಾರದೂ ಅಜ್ಞಾನವಿಲ್ಲ, ಅಲಕ್ಷ್ಯವಿಲ್ಲ. ಒಂದೊಂದು ಹೆಜ್ಜೆಯೂ ತನ್ನ ಸ್ಥಾನದಲ್ಲಿ ಸಮಂಜಸವೇ.

ಇನ್ನು ಬಿಟ್ಟುಕೊಡುವ ಪ್ರಶ್ನೆ. ಸಿಯಾಟಲ್ಲಿನಲ್ಲಿ ಅಥವಾ ಬಾಸ್ಟನ್ನಿನಲ್ಲಿ ಕಸಿಯನ್ನು ಕಳೆದುಕೊಂಡವನು ಡಯಾಲಿಸಿಸ್ಸಿಗೆ ಹಿಂದಿರುಗುತ್ತಿದ್ದನು. ನಮ್ಮಲ್ಲಿ ಬಹುಕಾಲ ಹಿಂದಿರುಗಲು ಸ್ಥಳವೇ ಇರಲಿಲ್ಲ. ಕಸಿ ಮಾಡಿಸುವವರೆಗೆ ಕೆಲವು ತಿಂಗಳು ಡಯಾಲಿಸಿಸ್ ಮಾಡಿಸಲೆಂದೇ ಹೊಲವನ್ನೋ ಒಡವೆಯನ್ನೋ ಮಾರಿದ ಕುಟುಂಬ, ಕಸಿ ಹೋದ ಮೇಲೆ ವಾರಕ್ಕೆ ಎರಡು ಮೂರು ಬಾರಿ ಜೀವಮಾನವಿಡೀ ಅದನ್ನು ಹೇಗೆ ನಡೆಸೀತು? ಜಿಲ್ಲಾಸ್ಪತ್ರೆಗಳಲ್ಲಿ ಬಡವರಿಗೆ ಉಚಿತವಾಗಿ ಡಯಾಲಿಸಿಸ್ ಒದಗಿಸುವ ರಾಷ್ಟ್ರೀಯ ಯೋಜನೆ ಘೋಷಣೆಯಾದುದು 2016ರಲ್ಲಿ. ಅದಕ್ಕೆ ಮುಂಚೆ ‘ಮೂತ್ರಪಿಂಡ ಹೋದರೂ ಚಿಂತೆಯಿಲ್ಲ, ಮನುಷ್ಯ ಉಳಿದರೆ ಸಾಕು’ ಎಂಬ ಪಾಶ್ಚಾತ್ಯ ಗ್ರಂಥಗಳ ಸೂತ್ರ ಇಲ್ಲಿ ಎಷ್ಟೋ ಮನೆಗಳಲ್ಲಿ ಅರ್ಥಹೀನವಾಗಿದ್ದಿತು. ಮೂತ್ರಪಿಂಡ ಹೋದರೆ ಮನುಷ್ಯನೂ ಹೋದಂತೆಯೇ. ಅದೂ ಅಲ್ಲದೆ ನಮ್ಮಲ್ಲಿ ಕಸಿಯ ಮೂತ್ರಪಿಂಡ ಹೆಚ್ಚಾಗಿ ಬರುವುದು ಬದುಕಿರುವ ಬಂಧುಗಳಿಂದ, ಅವರಲ್ಲಿಯೂ ಹೆಂಗಸರಿಂದ. ತಾಯಿ ಕೊಟ್ಟುದನ್ನು ಮಗನ ಪ್ರಾಣಕ್ಕಾಗಿ ಕೈಬಿಡುತ್ತೇವೆಂದು ಆ ತಾಯಿಗೇ ಹೇಳಬೇಕಾದ ವೈದ್ಯನ ಮಾತುಗಳು ಯಾವ ಸಂಶೋಧನಾಪತ್ರಿಕೆಯಲ್ಲಿಯೂ ದಾಖಲಾಗುವುದಿಲ್ಲ. ಆಸ್ಪತ್ರೆಗಳ ಹಳೆಯ ರೋಗಿಪತ್ರಗಳನ್ನು ಓದಲು, ಆ ಕಾಲದ ವೈದ್ಯರ ಮತ್ತು ಬಂಧುಗಳ ಬಾಯಿಮಾತನ್ನು ಬರೆದುಕೊಳ್ಳಲು ನಮ್ಮ ವಿದ್ಯಾರ್ಥಿಗ��ು ಮುಂದೆ ಬಂದರೆ ಒಂದು ದೊಡ್ಡ ಕೊರತೆ ತುಂಬುವುದು.

ಇತ್ತೀಚಿನ ದಶಕಗಳ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ಆಂಫೊಟೆರಿಸಿನನ್ನು ಕೊಬ್ಬಿನ ಸೂಕ್ಷ್ಮಗೋಲಗಳಲ್ಲಿ ಅಡಗಿಸಿ ಕೊಟ್ಟರೆ ಮೂತ್ರಪಿಂಡಕ್ಕೆ ಹಾನಿ ಬಹಳ ಕಡಮೆಯಾಗುವುದೆಂದು 1980ರ ದಶಕದಲ್ಲಿ ಕಂಡುಕೊಂಡರು. ಲೈಪೊಸೋಮಲ್ ಎಂಬ ಈ ರೂಪ 1990ರಿಂದ ಯೂರೋಪಿನಲ್ಲಿಯೂ 1997ರಿಂದ ಅಮೆರಿಕದಲ್ಲಿಯೂ ಬಳಕೆಗೆ ಬಂದಿತು. ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಬಿ. ಕೆ. ಬಚ್ಚಾವತ್ ಅವರ ಬಳಗ ಇದೇ ಮಾರ್ಗದಲ್ಲಿ ನಡೆಸಿದ ಕೆಲಸದಿಂದ ದೇಶೀಯವಾದ ಒಂದು ರೂಪವೂ ಸಿದ್ಧವಾಯಿತು. 2002ರಲ್ಲಿ ಪ್ರಕಟವಾದ ಹೆರ್ಬ್ರೆಕ್ಟ್ ಮತ್ತು ಸಂಗಡಿಗರ ಪ್ರಯೋಗದಲ್ಲಿ, ಆಸ್ಪರ್ಜಿಲಸ್ ರೋಗಿಗಳಲ್ಲಿ ವೊರಿಕೊನಜೋಲ್ ಪಡೆದವರ ಪೈಕಿ ಹನ್ನೆರಡು ವಾರಗಳ ಕೊನೆಗೆ ಶೇಕಡ 70.8ರಷ್ಟು ಮಂದಿಯೂ, ಹಳೆಯ ಆಂಫೊಟೆರಿಸಿನ್ ಪಡೆದವರ ಪೈಕಿ ಶೇಕಡ 57.9ರಷ್ಟು ಮಂದಿಯೂ ಬದುಕಿದ್ದರು. ಅಂದಿನಿಂದ ಈ ರೋಗಕ್ಕೆ ಮೊದಲ ಸ್ಥಾನ ವೊರಿಕೊನಜೋಲಿಗೆ ಸಂದಿತು. ಆ ಪ್ರಯೋಗದ ರೋಗಿಗಳಲ್ಲಿ ಹೆಚ್ಚಿನವರು ರಕ್ತದ ಕ್ಯಾನ್ಸರಿನವರೇ ಹೊರತು ಮೂತ್ರಪಿಂಡದ ಕಸಿಯವರಲ್ಲ ಎಂಬುದನ್ನು ಮರೆಯಬಾರದು. ಕಸಿಯವರಿಗೆ ವೊರಿಕೊನಜೋಲ್ ಕೊಡುವಾಗ ಟಾಕ್ರೊಲಿಮಸ್ಸಿನ ಪ್ರಮಾಣವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಬೇಕು. ರಾಪಮೈಸಿನನ್ನು ಅದರೊಡನೆ ಕೊಡಲಾಗದು. ಕೀಟೊಕೊನಜೋಲಿನ ಹಳೆಯ ಕಥೆಯೇ ಮುಂದುವರಿದಿದೆ.

ಬಿಟ್ಟುಕೊಡುವ ಸೂತ್ರವೂ ಈಚೆಗೆ ಪರಿಷ್ಕಾರಗೊಂಡಿದೆ. ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರದ ರೋಗಿಗಳಲ್ಲಿ ನಿರೋಧಕ ಔಷಧಗಳನ್ನು ಒಮ್ಮೆಲೇ ನಿಲ್ಲಿಸಿದರೆ ಮರಳಿ ಎದ್ದ ಶರೀರಶಕ್ತಿ ಅತಿಯಾಗಿ ಕೆರಳಿ, ರೋಗ ಉಲ್ಬಣಿಸಿದಂತೆ ಕಂಡು, ಕಸಿಯೂ ನಷ್ಟವಾಗುವುದುಂಟೆಂದು 2005ರ ಸುಮಾರಿಗೆ ನೀನಾ ಸಿಂಗ್ ಮತ್ತು ಸಂಗಡಿಗರು ತೋರಿಸಿದರು. ಸೈಕ್ಲೊಸ್ಪೊರಿನ್, ಟಾಕ್ರೊಲಿಮಸ್ಸುಗಳು ತಡೆಯುವ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಮನುಷ್ಯನ ರಕ್ತಕೋಶದಲ್ಲಿರುವಂತೆಯೇ ಈ ಶಿಲೀಂಧ್ರದಲ್ಲಿಯೂ ಇದೆ. ಅದಿಲ್ಲದೆ ಶಿಲೀಂಧ್ರ ರೋಗವನ್ನುಂಟುಮಾಡಲಾರದೆಂದು 1997ರಲ್ಲಿಯೇ ತಿಳಿದಿದ್ದಿತು. ಶತ್ರುವೆಂದು ನಿಲ್ಲಿಸಹೊರಟ ಔಷಧ ಕೊಂಚಮಟ್ಟಿಗೆ ಮಿತ್ರನೂ ಆಗಿದ್ದಿತೆಂದಾಯಿತು. ಆದುದರಿಂದ ಈಗ ಕ್ರಮಕ್ರಮವಾಗಿ, ಸಾಮಾನ್ಯವಾಗಿ ಸ್ಟೀರಾಯ್ಡನ್ನು ಮೊದಲು ತಗ್ಗಿಸುವ ರೂಢಿ ಬಂದಿದೆ.

2021ರ ಮೇ ತಿಂಗಳಲ್ಲಿ ಕೋವಿಡ್ ರೋಗದ ಎರಡನೆಯ ಅಲೆಯ ಬೆನ್ನಿಗೆ ಮ್ಯೂಕರ್ ರೋಗ ದೇಶದಲ್ಲೆಲ್ಲ ಹರಡಿ, ಕನ್ನಡ ಪತ್ರಿಕೆಗಳಲ್ಲಿ ‘ಕಪ್ಪು ಶಿಲೀಂಧ್ರ’ ಎಂಬ ಮಾತು ಮನೆಮಾತಾಯಿತು. ಆ ರೋಗಿಗಳೂ ಸ್ಟೀರಾಯ್ಡು ಮತ್ತು ಮಧುಮೇಹಗಳ ಜೋಡಿಗೆ ಸಿಕ್ಕವರೇ. ಕಸಿಯ ರೋಗಿಗಳು ಅರವತ್ತು ವರ್ಷಗಳಿಂದ ನಡೆದುಬಂದ ದಾರಿಯಲ್ಲಿ ಅವರು ಒಮ್ಮೆಲೇ ಗುಂಪುಗುಂಪಾಗಿ ಬಂದರು. ಲೈಪೊಸೋಮಲ್ ಆಂಫೊಟೆರಿಸಿನ್ ದೊರೆಯದಾಯಿತು. ಕರ್ನಾಟಕವೂ ಸೇರಿದಂತೆ ರಾಜ್ಯಗಳು ಕೇಂದ್ರದ ಹಂಚಿಕೆಗಾಗಿ ಕಾದುವು. ಬಂಧುಗಳು ಔಷಧದ ಚೀಟಿ ಹಿಡಿದು ಊರೂರು ಅಲೆದರು. ಹಲವು ಆಸ್ಪತ್ರೆಗಳಲ್ಲಿ 1950ರ ದಶಕದ ಅದೇ ಹಳೆಯ ಆಂಫೊಟೆರಿಸಿನನ್ನು ಮತ್ತೆ ಹೊರತೆಗೆದು, ಮೂತ್ರಪಿಂಡಕ್ಕೆ ಹಾನಿ ಕಡಮೆಯಾಗಲೆಂದು ಮುಂಚಿತವಾಗಿ ಉಪ್ಪುನೀರನ್ನು ನಾಳಕ್ಕೆ ಹರಿಸಿ, ಪೊಟಾಸಿಯಂ ಎಷ್ಟಿದೆಯೆಂದು ಪದೇ ಪದೇ ನೋಡುತ್ತ, ಗಂಟೆಗಟ್ಟಲೆ ತೊಟ್ಟುತೊಟ್ಟಾಗಿ ಕೊಡಲಾಯಿತು.